ಜರಡಿ ಪರೀಕ್ಷೆ

ಜೂನ್ 3, ಸೋಮವಾರ

ಮತ್ತೆ ಸೀಮೆಸುಣ್ಣ ಹಿಡಿದೆ. ಕೆಳಗೆ ಟೈರ್ ಅಂಗಡಿ, ಮೇಲೆ ಟ್ಯುಟೋರಿಯಲ್. ರಬ್ಬರಿನ ವಾಸನೆಯಲ್ಲೇ ಇಂಗ್ಲಿಷ್ ವ್ಯಾಕರಣ ಹೇಳಬೇಕು. ಇರಲಿ, ದೊಡ್ಡ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಪ್ರಿನ್ಸಿಪಾಲರ ಸೆಂಟಿನ ವಾಸನೆ ತಡೆದುಕೊಂಡವಳು ನಾನು.

ಅತ್ತಿಗೆ ನೆಂಟರಿಗೆಲ್ಲ "ಇವಳನ್ನ ಶಾಲೆಯಿಂದ ತೆಗೆದ್ರು" ಎಂದು ಹೇಳಿಕೊಂಡು ಬರುತ್ತಾಳೆ. ತಪ್ಪು. ಪೋಷಕರ ಸಭೆಯಲ್ಲಿ ಪ್ರಿನ್ಸಿಪಾಲರು "ನ್ಯೂ ಫರ್ನಿಚರ್ಸ್" ಎಂದರು. ಮೇಜು ಎಣಿಸಬಹುದು, ಕುರ್ಚಿ ಎಣಿಸಬಹುದು, ಫರ್ನಿಚರ್ ಎಣಿಸುವ ಹಾಗಿಲ್ಲ, ಅದಕ್ಕೆ 'ಎಸ್' ಎಂಬ ಬಾಲ ಬೇಡ ಎಂದು ನಾನು ಕೂತಲ್ಲಿಂದಲೇ ಹೇಳಿದೆ. ಅವರು ನಕ್ಕು ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ "ಫರ್ನಿಚರ್ಸ್" ಎಂದರು. ನಾನೂ ಮತ್ತೆ ಹೇಳಿದೆ. ನಡೆದದ್ದು ಇಷ್ಟೇ. ಕ್ಷಮೆ ಕೇಳಿ ಎಂದರು, ಕೇಳಲಿಲ್ಲ, ರಾಜೀನಾಮೆ ಬರೆದುಕೊಟ್ಟು ಬಂದೆ. ತೆಗೆಯುವುದು ಬೇರೆ, ಬಿಡುವುದು ಬೇರೆ. ಅಣ್ಣನಿಗೆ ಈ ವ್ಯತ್ಯಾಸ ಗೊತ್ತು, ಆದರೆ ಅತ್ತಿಗೆಯ ಎದುರು ಅವನು ಬಾಯಿ ಬಿಡುವುದಿಲ್ಲ.

ಹೊಸ ತರಗತಿ ಇಪ್ಪತ್ತಮೂರು ತಲೆಯದು. ಎಲ್ಲವೂ ಪಕ್ಕದ ದೊಡ್ಡ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಕೆಲಸದಲ್ಲಿರುವಂಥವು. ಸ್ಟ್ರೆಚರ್ ತಳ್ಳುವುದು, ಹಾಸಿಗೆ ಬಟ್ಟೆ ಒಗೆಯುವುದು, ಕೌಂಟರಿನಲ್ಲಿ ಚೀಟಿ ಹರಿಯುವುದು. ನರ್ಸಿಂಗ್ ಸಹಾಯಕರ ತರಬೇತಿಗೆ ಸೇರಬೇಕಾದರೆ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಪರೀಕ್ಷೆ ದಾಟಬೇಕಂತೆ, ಅದಕ್ಕೆ ಬಂದಿವೆ. ಐದೂವರೆಗೆ ಮಂದೆ ಒಳಗೆ ಬಂತು, ಕೂತಿತು. ನಾನು ಮಾತಾಡಿದೆ, ಅದು ನೋಡಿತು. ಏಳಕ್ಕೆ ಎದ್ದು ಹೋಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿ ಮನೆಗೆ ಬಂದೆ.

ಜೂನ್ 6, ಗುರುವಾರ

ನಾಮಪದ ಶುರು ಮಾಡಿದೆ. ಎಣಿಸಬಹುದಾದವು, ಎಣಿಸಲಾಗದವು. ಬುಕ್, ಚೇರ್, ಡಾಕ್ಟರ್ ಒಂದು ಕಡೆ. ವಾಟರ್, ಸ್ಯಾಂಡ್, ಅಡ್ವೈಸ್, ಲಗೇಜ್ ಇನ್ನೊಂದು ಕಡೆ. ಎಣಿಸಲಾಗದ್ದರ ಮುಂದೆ 'ಎ' ಬರುವುದಿಲ್ಲ, ಹಿಂದೆ 'ಎಸ್' ಬರುವುದಿಲ್ಲ ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದೆ.

ಹಿಂದಿನ ಬೆಂಚಿನಿಂದ ಒಂದು ಹೆಂಗಸಿನ ಧ್ವನಿ ಬಂತು. "ಮೇಡಂ, ಕ್ಯಾಂಟೀನಲ್ಲಿ ಎರಡು ಟೀ ಕೊಡಿ ಅಂತೀವಲ್ಲ, ಹಾಗಾದ್ರೆ ಟೀ ಎಣಿಸಬಹುದಾ?"

"ನೀವು ಎಣಿಸೋದು ಲೋಟಾನ, ಟೀನ ಅಲ್ಲ."

"ಕುಡಿಯೋದು ಟೀ ಅಲ್ವಾ ಮೇಡಂ."

ಮಂದೆ ನಕ್ಕಿತು. 'ಟೂ ಕಪ್ಸ್ ಆಫ್ ಟೀ' ಎಂದು ಹತ್ತು ಸಲ ಬರೆಯಿರಿ ಎಂದೆ. ನಗು ನಿಂತಿತು.

ಬಾಗಿಲಲ್ಲಿ ಮಾಲೀಕ ನಿಂತು ನೋಡುತ್ತಿದ್ದ. ಕಟ್ಟಡದ ಮುಂದೆ ಅವನ ಫೋಟೋ ಇರುವ ದೊಡ್ಡ ಬೋರ್ಡಿದೆ, ಕೆಳಗೆ 'ಸತತವಾಗಿ ಫಲಿತಾಂಶ ಶೇಕಡಾ ನೂರು' ಎಂದು ಬರೆಸಿದ್ದಾನೆ. ಇಂಥ ತಲೆಗಳನ್ನು ಇಟ್ಟುಕೊಂಡು ಶೇಕಡಾ ನೂರು ಹೇಗೆ ಬರುತ್ತದೋ ಆ ಭಗವಂತನೇ ಬಲ್ಲ. ಇನ್ನು ಮುಂದೆ ಇಲ್ಲಿ ಅವನ ಹೆಸರು ಶೇಕಡಾ ನೂರು.

ಜೂನ್ 14, ಶುಕ್ರವಾರ

ಮಂದೆಯಲ್ಲಿ ಎರಡು ಮೂರು ಬೇರೆ ಬೇರೆಯಾಗಿ ಕಾಣತೊಡಗಿವೆ. ಮುಂದಿನ ಬೆಂಚಿನಲ್ಲಿ ಕೂರುವ ಕೌಂಟರಿನ ಹುಡುಗಿ ನಾನು ಹೇಳಿದ್ದನ್ನೆಲ್ಲ ತಿರುಗಿ ಹೇಳುತ್ತದೆ, ಅದಕ್ಕೆ ಗಿಳಿ ಎಂದು ಹೆಸರಿಟ್ಟೆ. ಕಿಟಕಿಯ ಪಕ್ಕ ಒಂದು ಗಂಡು ಪ್ರಾಣಿ, ರಾತ್ರಿ ಪಾಳಿಯಲ್ಲಿ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುವುದಂತೆ, ಬಂದಾಗಿನಿಂದ ಹೋಗುವವರೆಗೆ ಆಕಳಿಸುತ್ತದೆ. ತನ್ನ ಹೆಸರಿನ ಸ್ಪೆಲ್ಲಿಂಗ್ ತಪ್ಪು ಬರೆಯುತ್ತದೆ. ಇದು ಆಕಳಿಕೆ. ಟೀ ಲೆಕ್ಕ ಕೇಳಿದ ಹೆಂಗಸು ಸ್ಟ್ರೆಚರ್ ತಳ್ಳುವವಳು. ಎಲ್ಲರೂ ಅಕ್ಕ ಎನ್ನುತ್ತಾರೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ನನ್ನ ಬಾಯಲ್ಲೂ ಇವತ್ತು "ಏನಕ್ಕಾ, ಹೋಂವರ್ಕ್ ಎಲ್ಲಿ" ಎಂದೇ ಬಂತು. ಸಹವಾಸ ದೋಷ.

ಜೂನ್ 25, ಮಂಗಳವಾರ

'ಪೇನ್' ಎಣಿಸಲಾಗದ ನಾಮಪದ ಎಂದೆ. ಇಡೀ ತರಗತಿ ನನ್ನ ಮೇಲೆ ಬಿತ್ತು.

"ನೋವನ್ನ ನಾವು ದಿನಾ ಎಣಿಸ್ತೀವಿ ಮೇಡಂ," ಎಂದಳು ಅಕ್ಕ. "ಒಂದರಿಂದ ಹತ್ತರವರೆಗೆ ನಿಮಗೆ ಎಷ್ಟು ನೋವಿದೆ ಹೇಳಿ ಅಂತ ನರ್ಸಮ್ಮ ಕೇಳ್ತಾರೆ. ಒಬ್ಬ ಅಜ್ಜ ಹನ್ನೆರಡು ಅಂದ."

"ಅದು ಅಂಕ, ನೋವಲ್ಲ."

"ಅಜ್ಜನ ಹತ್ತಿರ ಹಾಗಂತ ಹೇಳಿ ನೋಡೋಣ."

ಆಕಳಿಕೆ ಎದ್ದು ನಿಂತು, ಒಂದೊಂದು ಹಲ್ಲಿನ ನೋವು ಒಂದೊಂದು ಥರ, ಎರಡು ಹಲ್ಲು ನೋಯುತ್ತಿದ್ದರೆ ನೋವು ಎರಡೇ ಎಂದು ವಾದಿಸಿದ. ಇಪ್ಪತ್ತೈದು ವರ್ಷದಲ್ಲಿ ಯಾವ ಮಗುವೂ ನನ್ನ ಜೊತೆ ಎಣಿಸಲಾಗದ ನಾಮಪದದ ಬಗ್ಗೆ ಜಗಳವಾಡಿರಲಿಲ್ಲ. ಅಲ್ಲಿ ಎಲ್ಲ ಬರೆದುಕೊಂಡು ಸುಮ್ಮನಾಗುತ್ತಿದ್ದರು. ನಾನು ಸೋಲಲಿಲ್ಲ, ಪರೀಕ್ಷೆಯಲ್ಲಿ ನಾನು ಹೇಳಿದ್ದೇ ಸರಿ ಎಂದು ಮೇಜು ಕುಟ್ಟಿ ಹೇಳಿದೆ. ಆದರೆ ಏಳು ಗಂಟೆಯಾದದ್ದು ಯಾರಿಗೂ ಗೊತ್ತಾಗಲಿಲ್ಲ, ಕೆಳಗೆ ಟೈರ್ ಅಂಗಡಿಯ ಬಾಗಿಲು ಎಳೆದ ಸದ್ದಿಗೆ ಎಲ್ಲರೂ ಎದ್ದರು.

ಊಟಕ್ಕೆ ಕೂತಾಗ "ಯಾಕೆ ಟೀಚರಮ್ಮ, ಮುಖ ಇಷ್ಟಗಲ ಆಗಿದೆ" ಎಂದು ಅತ್ತಿಗೆ ಕೇಳಿದಳು. ತಲೆನೋವು ಎಂದೆ.

ಜುಲೈ 9, ಮಂಗಳವಾರ

ಗುಂಪಿನ ಹೆಸರುಗಳು. ಕೀಲಿಕೈಗೆ 'ಬಂಚ್', ಕುರಿಗೆ 'ಫ್ಲಾಕ್', ಹಸುವಿಗೆ 'ಹರ್ಡ್', ಆಟಗಾರರಿಗೆ 'ಟೀಮ್', ಕೆಲಸಗಾರರಿಗೆ 'ಸ್ಟಾಫ್'. ಇದೇನು ಹೊಸದಲ್ಲ, ನಮ್ಮಲ್ಲೂ ಹೊರೆ, ಗೊಂಚಲು, ಹಿಂಡು, ಕಂತೆ ಎಲ್ಲ ಇವೆ ಎಂದು ಹೇಳಿ ಒಂದೊಂದನ್ನೂ ಜೋಡಿಸಿ ತೋರಿಸಿದೆ.

"ಡಾಕ್ಟರ್‌ಗಳು ಸೇರಿದ್ರೆ ಏನಂತಾರೆ ಮೇಡಂ?" ಎಂದು ಗಿಳಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಅವರು ಸೇರೋದೇ ಇಲ್ಲ. ಇಬ್ಬರು ಸೇರಿದ್ರೆ ಅದು ಜಗಳ."

ಟೀಮ್ ಒಂದಾಗಿ ಆಡಿದರೆ 'ಈಸ್', ಒಳಗೊಳಗೇ ಕಿತ್ತಾಡಿದರೆ 'ಆರ್' ಎಂದು ವಿವರಿಸಿದೆ. ನಾವು 'ಈಸ್' ಓ 'ಆರ್' ಓ ಎಂದು ಆಕಳಿಕೆ ಕೇಳಿದ. "ನೀವಿನ್ನೂ ವಾಕ್ಯವೇ ಆಗಿಲ್ಲ, ಕೂತ್ಕೋ" ಎಂದೆ. ಅವನಿಗೆ ಇವತ್ತು ಒಂದು ಸಲವೂ ಆಕಳಿಕೆ ಬರಲಿಲ್ಲ. ಹೆಸರು ಬದಲಾಯಿಸಬೇಕೇನೋ. ಬೇಡ, ಇರಲಿ, ಅಭ್ಯಾಸವಾಗಿದೆ.

ಜುಲೈ 20, ಶನಿವಾರ

ಶೇಕಡಾ ನೂರು ತನ್ನ ಗಾಜಿನ ಕೋಣೆಗೆ ಕರೆದ. ಅವನ ಶೇಕಡಾ ನೂರಿನ ಗುಟ್ಟು ಇವತ್ತು ಅವನ ಬಾಯಿಂದಲೇ ತಿಳಿಯಿತು.

ಪರೀಕ್ಷೆಗೆ ಅರ್ಜಿ ಹೋಗುವುದು ಟ್ಯುಟೋರಿಯಲ್ ಮೂಲಕ. ಅರ್ಜಿ ಕಳಿಸುವ ಮೊದಲು ಇಲ್ಲೇ ಒಂದು ಪರೀಕ್ಷೆ. ಅದರಲ್ಲಿ ಐವತ್ತಕ್ಕೆ ಇಪ್ಪತ್ತೈದು ಬಾರದವರ ಅರ್ಜಿ ಇವನ ಮೇಜಿನಲ್ಲೇ ಉಳಿಯುತ್ತದೆ. "ಇನ್ನೂ ತಯಾರಾಗಿಲ್ಲ, ಮುಂದಿನ ವರ್ಷ ನೋಡೋಣ" ಎಂದು ಬೆನ್ನು ತಟ್ಟಿ ಕಳಿಸುತ್ತಾನೆ. ಗೆಲ್ಲುವವರು ಮಾತ್ರ ಓಟಕ್ಕೆ ಇಳಿದರೆ ಸೋಲುವವರು ಎಲ್ಲಿಂದ ಬರಬೇಕು? ಹಳಬರು ಇದಕ್ಕೆ ಜರಡಿ ಪರೀಕ್ಷೆ ಎನ್ನುತ್ತಾರಂತೆ.

"ಪೇಪರ್ ಸ್ವಲ್ಪ ಬಿಗಿಯಾಗಿರಲಿ ಮೇಡಂ," ಎಂದ. "ಹೋದ ಸಲದ ಮೇಷ್ಟ್ರು ತುಂಬ ಸಡಿಲ. ಹೊಟ್ಟು ಎಲ್ಲಾ ಕಾಳಿನ ಜೊತೆ ಉಳಿದುಬಿಡ್ತು."

ಆಗಲಿ ಎಂದೆ. ಕಾಳು ಕಾಳೇ, ಹೊಟ್ಟು ಹೊಟ್ಟೇ. ಓದದವರಿಗೆ ಮರುಗುವ ಜಾತಿ ನನ್ನದಲ್ಲ. ಬಿಗಿ ಪೇಪರ್ ಎಂದರೇನು ಎಂದು ತೋರಿಸುತ್ತೇನೆ.

ಸಂಜೆಯಿಂದ ಯಾಕೋ ಮನಸ್ಸು ಸರಿಯಿಲ್ಲ. ಅತ್ತಿಗೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾಗಿತ್ತು, ಅದಕ್ಕೇ ಇರಬೇಕು.

ಜುಲೈ 23, ಮಂಗಳವಾರ

ಪಾಠ ಮುಗಿಸಿ ಇಳಿಯುತ್ತಿದ್ದೆ. ಮೆಟ್ಟಿಲಿನ ತಿರುವಿನಲ್ಲಿ ಅಕ್ಕ ನಿಂತಿದ್ದಳು, ಆಸ್ಪತ್ರೆಯ ನೀಲಿ ಅಂಗಿಯಲ್ಲೇ.

"ಪೇಪರ್ ಸುಲಭ ಮಾಡಿ ಅಂತ ಕೇಳೋಕೆ ನಿಂತಿಲ್ಲ ಮೇಡಂ," ಎಂದಳು. "ಒಂದು ಮಾತು ಗೊತ್ತಿರಲಿ ಅಂತ. ನಾನು ಇಲ್ಲಿಗೆ ಬರ್ತಿರೋದು ಇದು ಮೂರನೇ ವರ್ಷ. ಎರಡು ಸಲ ಜರಡಿಯಲ್ಲೇ ಬಿದ್ದೆ. ನಿಜವಾದ ಪರೀಕ್ಷೆಯ ಕೋಣೆ ಹೇಗಿರುತ್ತೆ ಅಂತ ಇವತ್ತಿಗೂ ನೋಡಿಲ್ಲ."

"ಮುಂದಿನ ವರ್ಷ..." ಎಂದೆ. ಶೇಕಡಾ ನೂರಿನ ಮಾತೇ ನನ್ನ ಬಾಯಲ್ಲಿ ಬಂತಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

"ಮುಂದಿನ ವರ್ಷ ನಲವತ್ತು ದಾಟುತ್ತೆ. ಆಮೇಲೆ ಅರ್ಜಿನೇ ತಗೊಳ್ಳಲ್ಲ. ಹದಿನೆಂಟು ವರ್ಷದಿಂದ ಸ್ಟ್ರೆಚರ್ ತಳ್ತಿದ್ದೀನಿ. ಕಾಯಿಲೆಯವರ ಕೈ ಹಿಡಿಯೋ ಹಾಗಿಲ್ಲ, ಅದು ಸಹಾಯಕರ ಕೆಲಸ, ನೀನು ಗಾಡಿ ಹಿಡ್ಕೋ ಅಂತಾರೆ. ನನಗೆ ಪಾಸ್ ಮಾಡಿಸಿ ಅಂತಲ್ಲ ಮೇಡಂ. ಬರೆಯೋಕೆ ಬಿಟ್ರೆ ಸಾಕು."

ಅವಳಿಗೆ ಐವತ್ತಕ್ಕೆ ಹದಿನೈದು, ಹೆಚ್ಚೆಂದರೆ ಹದಿನೆಂಟು ಬರುತ್ತದೆ. ಅವಳ ನೋಟ್ಸ್ ತಿದ್ದುವವಳು ನಾನು, ನನಗೆ ಗೊತ್ತು. "ಚೆನ್ನಾಗಿ ಓದು" ಎಂದು ಹೇಳಿ ಬಂದೆ. ಅದಕ್ಕಿಂತ ಕೆಟ್ಟ ಮಾತು ಇನ್ನೊಂದು ಇರಲಿಕ್ಕಿಲ್ಲ.

ಜುಲೈ 24, ಬುಧವಾರ

ಬೆಳಗ್ಗೆಯೇ ಹೋಗಿ ಶೇಕಡಾ ನೂರಿನ ಎದುರು ಕೂತೆ. ಜರಡಿ ಬೇಡ, ಎಲ್ಲರ ಅರ್ಜಿ ಕಳಿಸಿ ಎಂದೆ. ಅವನು ಟೀ ತರಿಸಿದ.

"ಮೇಡಂ, ಆ ಬೋರ್ಡ್ ನೋಡಿ ಜನ ಬರ್ತಾರೆ. ತೊಂಬತ್ತು ಅಂತ ಬರೆಸಿದ್ರೆ ಎದುರಿನ ಟ್ಯುಟೋರಿಯಲ್‌ಗೆ ಹೋಗ್ತಾರೆ."

"ಬರೆಯೋಕೇ ಬಿಡದೆ ಬಂದ ನೂರು ಎಂಥ ನೂರು?"

"ಯಾರೂ ಕೇಳಿಲ್ಲ ಇಲ್ಲಿವರೆಗೂ."

"ನಾನು ಕೇಳ್ತಿದ್ದೀನಲ್ಲ."

ನಕ್ಕ. ನಾನು ಪೇಪರ್ ತೆಗೆಯದಿದ್ದರೆ ಹೋದ ವರ್ಷದ ಪೇಪರ್ ಕೊಡುತ್ತಾನಂತೆ. ನನಗೆ ಇಷ್ಟವಿಲ್ಲದಿದ್ದರೆ ಬಾಗಿಲು ಯಾವ ಕಡೆ ಇದೆ ಎಂದು ಗೊತ್ತಿದೆಯಂತೆ. ನಾನು ಟೀ ಮುಟ್ಟದೆ ಎದ್ದು ಬಂದೆ. ಪೇಪರ್ ನಾನೇ ತೆಗೆಯುತ್ತೇನೆ. ಇವನ ಕೈಗೆ ಬಿಟ್ಟರೆ 'ಇನ್‌ಫರ್ಮೇಷನ್ಸ್' ಎಂದು ಅಚ್ಚಾಗುತ್ತದೆ.

ಆಗಸ್ಟ್ 2, ಶುಕ್ರವಾರ

ಒಂದು ವಾರದಿಂದ ಅರ್ಧ ಗಂಟೆ ಮೊದಲೇ ಹೋಗಿ ಅಕ್ಕನಿಗೆ ಬೇರೆ ಪಾಠ ಹೇಳುತ್ತಿದ್ದೇನೆ. 'ಮಚ್' ಮತ್ತು 'ಮೆನಿ' ಅವಳ ತಲೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ನಿನ್ನೆ ಬೈದೆ. ಅವಳೂ ತಿರುಗಿ ಬೈದಳು. ಆಮೇಲೆ ಹತ್ತರಲ್ಲಿ ಏಳು ಸರಿ ಬರೆದಳು.

ಶೇಕಡಾ ನೂರಿನ ಜೊತೆ ವಾದ ಮಾಡಿದ ವಿಷಯ ಅತ್ತಿಗೆಯ ಕಿವಿಗೆ ಬಿದ್ದಿದೆ, ಅಣ್ಣ ಹೇಳಿರಬೇಕು. "ಅಲ್ಲಮ್ಮಾ, ಒಂದು ಕೆಲಸ ಬಾಯಿಂದ ಕಳ್ಕೊಂಡೆ. ಇದನ್ನಾದರೂ ಬಾಯಿ ಮುಚ್ಕೊಂಡು ಮಾಡಬಾರದಾ? ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಅನ್ನೋ ಹಾಗಾಯ್ತು ನಿನ್ನ ಕಥೆ" ಎಂದಳು. ಬಾಯಿ ಮುಚ್ಚಿಕೊಂಡು ಪಾಠ ಹೇಳುವುದು ಹೇಗೆ ಎಂದು ಕೇಳಿದೆ. ಪಾತ್ರೆ ಕುಕ್ಕಿದಳು. ನಾನೂ ಒಂದು ಕುಕ್ಕಿದೆ.

ಆಗಸ್ಟ್ 5, ಸೋಮವಾರ

ಜರಡಿ ಪರೀಕ್ಷೆ ಆಯಿತು. ಏನು ಬರೆಯಲಿ.

ಪೇಪರ್ ನ್ಯಾಯವಾಗಿ ತೆಗೆದಿದ್ದೆ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರು, ಪೆನ್ನು ಕೈಯಲ್ಲಿತ್ತು. ಶೇಕಡಾ ನೂರು ಎರಡು ಸಲ ಬಂದು ಇಣುಕಿ ಹೋದ. ಗಂಟೆ ಮುಗಿದಾಗ ಉತ್ತರಪತ್ರಿಕೆ ಕಟ್ಟಿ, ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು ಬಿಚ್ಚಿದೆ.

ಗಿಳಿಯದು ಮೊದಲು ಸಿಕ್ಕಿತು. ಹೆಸರು, ದಿನಾಂಕ, ಕೆಳಗೆ ಬಿಳಿ ಹಾಳೆ. ತಿರುವಿದೆ, ಆ ಕಡೆಯೂ ಬಿಳಿ. ಮುಂದಿನದೂ ಬಿಳಿ. ಅದರ ಮುಂದಿನದೂ ಬಿಳಿ. ಅಕ್ಕನದು ಬಿಳಿ. ಎರಡು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದಕ್ಕೆ ಇದಾ ಮರ್ಯಾದೆ? ಒಂದು 'ಎಸ್' ಆದರೂ ಬರೆಯಬಾರದಾ? ಸಿಟ್ಟಿನಲ್ಲಿ ಕಟ್ಟನ್ನು ಹಾಸಿಗೆಯ ಮೇಲೆ ಎಸೆದೆ.

ಎಸೆದಾಗ ಮಧ್ಯದಿಂದ ಒಂದು ಹೊರಗೆ ಬಿತ್ತು. ಅದರ ತುಂಬ ಅಕ್ಷರ. ಆಕಳಿಕೆಯದು. ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದಾನೆ. ಕೆಂಪು ಪೆನ್ನು ಹಿಡಿದು ತಿದ್ದಿದೆ, ಎರಡು ಸಲ ಕೂಡಿಸಿದೆ. ಮೂವತ್ತೊಂದು. ತನ್ನ ಹೆಸರನ್ನೂ ಸರಿಯಾಗಿ ಬರೆದಿದ್ದಾನೆ.

ಆಗಸ್ಟ್ 6, ಮಂಗಳವಾರ

ಬೆಳಗ್ಗೆ ಗಿಳಿಯೂ ಆಕಳಿಕೆಯೂ ಮನೆ ಹುಡುಕಿಕೊಂಡು ಬಂದರು. ಅವನು ಒಳಗೆ ಬರಲೊಲ್ಲ, ಬಾಗಿಲಲ್ಲೇ ಚಪ್ಪಲಿ ನೋಡುತ್ತ ನಿಂತ.

"ಸಿಟ್ಟು ಮಾಡ್ಕೋಬೇಡಿ ಮೇಡಂ," ಎಂದಳು ಗಿಳಿ. "ನಿಮಗೆ ಮೊದಲೇ ಹೇಳಿದ್ರೆ ನಿಮ್ಮ ಮೇಲೆ ಬರುತ್ತೆ ಅಂತ ಹೇಳಲಿಲ್ಲ. ಎಲ್ಲರಿಗೂ ಸೊನ್ನೆ ಬಂದ್ರೆ ಯಾರನ್ನ ನಿಲ್ಲಿಸ್ತಾರೆ? ಭಾನುವಾರ ಕ್ಯಾಂಟೀನ್ ಹಿಂದೆ ಸೇರಿ ಮಾತಾಡ್ಕೊಂಡ್ವಿ."

"ನಿನಗೆ ಹುಚ್ಚಾ? ನೀನು ನಲವತ್ತೈದು ತಗೊಳ್ತಿದ್ದೆ. ನಿನ್ನ ಫೋಟೋ ಬೋರ್ಡಿಗೆ ಹಾಕಿಸ್ತೀನಿ ಅಂತ ಆ ಮಾಲೀಕ ಹೇಳಿದ್ದ."

"ಬೋರ್ಡಿನ ಮೇಲೆ ಕಾಗೆ ಕೂರುತ್ತೆ ಮೇಡಂ," ಎಂದಳು.

ನಾನು ಅವಳನ್ನು ಗಿಳಿ ಎಂದು ಕರೆದಿದ್ದೆ. ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಕಳಿಕೆಯ ಕಥೆ ಬೇರೆ. ಭಾನುವಾರ ಅವನು ಪಾಳಿ ಮುಗಿಸಿ ಬಟ್ಟೆ ಗಂಟುಗಳ ಮೇಲೆ ನಿದ್ದೆ ಹೊಡೆಯುತ್ತಿದ್ದ. ಅವನಿಗೆ ನೀನು ಹೇಳಿರುತ್ತೀ ಎಂದು ಇವರು, ನೀವು ಹೇಳಿರುತ್ತೀರಿ ಎಂದು ಅವರು, ಕೊನೆಗೆ ಯಾರೂ ಹೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಚೆನ್ನಾಗಿ ಬರೆದು ಹೊರಗೆ ಬಂದು ಬೀಗುತ್ತಿದ್ದವನಿಗೆ ಆಮೇಲೆ ಗೊತ್ತಾಗಿದೆ. ಪಾಪ, ತಾನೊಂದು ಬಗೆದರೆ ದೈವವೊಂದು ಬಗೆಯಿತು.

"ನನಗೂ ಸೊನ್ನೆ ಹಾಕಿ ಮೇಡಂ," ಎಂದ. "ನನ್ನೊಬ್ಬನಿಂದ ಎಲ್ಲ ಕೆಡೋದು ಬೇಡ."

"ಸರಿ ಉತ್ತರಕ್ಕೆ ಸೊನ್ನೆ ಹಾಕೋ ಕೈ ಇದಲ್ಲ. ಮೂವತ್ತೊಂದು ನಿನ್ನದು. ಅದನ್ನ ನಾನೂ ಕಿತ್ಕೊಳ್ಳಲ್ಲ, ನೀನೂ ಕಿತ್ಕೊಳ್ಳೋ ಹಾಗಿಲ್ಲ."

"ಮೂವತ್ತೊಂದಾ?" ಎಂದವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಮೇಲೆ ಮತ್ತೆ ಸೊನ್ನೆ ಕೇಳಿದ. ಇಬ್ಬರಿಗೂ ಬೈದು ಕಳಿಸಿದೆ. ಅತ್ತಿಗೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ನನಗೆ ಭಯ.

ಆಗಸ್ಟ್ 7, ಬುಧವಾರ

ಕಟ್ಟನ್ನು ಶೇಕಡಾ ನೂರಿನ ಮೇಜಿನ ಮೇಲೆ ಇಟ್ಟೆ. ಒಂದೊಂದೇ ಬಿಡಿಸಿ ನೋಡಿದ. ಕಿವಿ ಕೆಂಪಾಯಿತು.

"ನಿಮ್ಮ ನಿಯಮದ ಪ್ರಕಾರ ಒಬ್ಬ ಪರೀಕ್ಷೆಗೆ ಹೋಗಬಹುದು, ಮಿಕ್ಕವರು ನಿಲ್ಲಬೇಕು," ಎಂದೆ. "ಒಬ್ಬನಲ್ಲಿ ಒಬ್ಬ ಪಾಸಾದರೂ ಶೇಕಡಾ ನೂರೇ ಸಾರ್. ಬೋರ್ಡಿಗೇನೂ ತೊಂದರೆ ಇಲ್ಲ."

"ತಮಾಷೆ ಬೇಡ ಮೇಡಂ. ಅರ್ಜಿ ಕಳಿಸೋಕೆ ನಾಳೆ ಕೊನೇ ದಿನ. ಯಾರು ಕಾಳು, ಯಾರು ಹೊಟ್ಟು ಅಂತ ನಿಮಗೆ ಗೊತ್ತೇ ಇರುತ್ತೆ. ಬಾಯಲ್ಲೇ ಹೇಳಿ, ನಾನು ಗುರುತು ಹಾಕ್ಕೋತೀನಿ."

ಗೊತ್ತಿತ್ತು. ಎರಡನೇ ಬೆಂಚಿನ ಕಸ ಗುಡಿಸುವವಳು 'ಚೈಲ್ಡ್ಸ್' ಎಂದೇ ಬರೆಯುತ್ತಾಳೆ, ಎಷ್ಟು ಸಲ ತಿದ್ದಿದರೂ ಅವಳ ಇಬ್ಬರು ಮಕ್ಕಳಿಗೆ ಅದೇ ಬಾಲ. ಅವಳ ಪಕ್ಕದ ಲಿಫ್ಟಿನವನಿಗೆ ಎಲ್ಲ ಗೊತ್ತು, ಬರೆಯುವಾಗ ಕೈ ನಡುಗುತ್ತದೆ. ಆಂಬುಲೆನ್ಸ್ ತೊಳೆಯುವವನು ಕೇಳಿದರೆ ಉತ್ತರ ಹೇಳುತ್ತಾನೆ, ಪ್ರಶ್ನೆ ಓದಲು ಕನ್ನಡಕ ಬೇಕು, ಮಾಡಿಸಿಕೊಳ್ಳುವುದಿಲ್ಲ. ಹೊಲಿಗೆಯವಳು 'ಸಿಸರ್ಸ್' ಯಾಕೆ ಎರಡು ಎಂದು ಇನ್ನೂ ಒಪ್ಪಿಲ್ಲ. ಯಾರಿಗೆ ಎಷ್ಟು ಬರುತ್ತದೆ, ಎಲ್ಲಿ ಎಡವುತ್ತಾರೆ, ಎಡವಿದಾಗ ಮುಖ ಹೇಗೆ ಮಾಡುತ್ತಾರೆ, ಇಪ್ಪತ್ತಮೂರು ಜನರದ್ದೂ ನನಗೆ ಗೊತ್ತಿತ್ತು.

"ಹೇಳಲ್ಲ," ಎಂದೆ.

"ಹೇಳಲ್ಲ ಅಂದ್ರೆ?"

"ಹೇಳಲ್ಲ ಅಂದ್ರೆ ಹೇಳಲ್ಲ. ಅದರಲ್ಲಿ ವ್ಯಾಕರಣ ಏನಿಲ್ಲ."

ಅವನು ಅರ್ಜಿಗಳ ಕಟ್ಟು ಎಳೆದುಕೊಂಡ. "ಒಬ್ಬಳು ನನಗೇ ಗೊತ್ತು. ಆ ಸ್ಟ್ರೆಚರಿನವಳು. ಎರಡು ವರ್ಷದಿಂದ ನೋಡಿದ್ದೀನಿ. ಅವಳದ್ದಂತೂ ಇಲ್ಲೇ ಉಳಿಯುತ್ತೆ."

ಬಾಗಿಲು ತೆರೆದದ್ದು ಆಗಲೇ. ಪಾಠಕ್ಕೆ ಬಂದವರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಗಾಜಿನ ಕೋಣೆ, ಗುಟ್ಟು ಎಲ್ಲಿ ನಿಲ್ಲುತ್ತದೆ? ಗಿಳಿ ಒಳಗೆ ಬಂದು, "ಹಾಗಾದ್ರೆ ನನ್ನದೂ ತೆಗೆದುಕೊಡಿ ಸಾರ್" ಎಂದು ಕೈ ಚಾಚಿದಳು. ಅವಳ ಹಿಂದೆ ಹೊಲಿಗೆಯವಳು ಕೈ ಚಾಚಿದಳು. ಲಿಫ್ಟಿನವನು ನಡುಗುವ ಕೈಯನ್ನೇ ಚಾಚಿದ. ಕೋಣೆ ತುಂಬಿತು. ಅಕ್ಕ ಬಾಗಿಲಾಚೆ ನಿಂತು, "ಬೇಡ ಕಣ್ರೋ, ನನಗೋಸ್ಕರ ನಿಮ್ಮ ವರ್ಷ ಹಾಳು ಮಾಡ್ಕೋಬೇಡಿ" ಎನ್ನುತ್ತಿದ್ದಳು. ಯಾರೂ ತಿರುಗಿ ನೋಡಲಿಲ್ಲ.

"ಒಬ್ಬನಾದ್ರೂ ಇದ್ದಾನಲ್ಲ," ಎಂದು ಶೇಕಡಾ ನೂರು ಆಕಳಿಕೆಯ ಪೇಪರ್ ಎತ್ತಿ ಹಿಡಿದ. "ಮೂವತ್ತೊಂದು. ನೀನು ಬುದ್ಧಿವಂತ ಕಣಯ್ಯ, ಇವರ ಸಹವಾಸ ಬಿಡು."

ಆಕಳಿಕೆ ತನ್ನ ಪೇಪರನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. "ಇದನ್ನ ಅಮ್ಮನಿಗೆ ತೋರಿಸ್ತೀನಿ ಸಾರ್," ಎಂದ. "ಅರ್ಜಿ ವಾಪಸ್ ಕೊಡಿ."

ಒಂದು ಇಡೀ ವರ್ಷ ಒಬ್ಬರನ್ನೂ ಕಳಿಸದಿದ್ದರೆ ಬೋರ್ಡಿಗೆ ಏನು ಬರೆಸುತ್ತಾನೆ? ಶೇಕಡಾ ನೂರು ಅರ್ಜಿಗಳನ್ನು ಎರಡು ಸಲ ಎಣಿಸಿದ. ಕೊನೆಗೆ ಎಲ್ಲ ಅರ್ಜಿಗೂ ನನ್ನ ಕಣ್ಣೆದುರೇ ಮೊಹರು ಒತ್ತಿದ. ಒತ್ತಿದ ಸದ್ದಿಗೆ ಮೇಜು ಅಲುಗಿತು.

"ನಾಳೆಯಿಂದ ನೀವು ಬರೋದು ಬೇಡ ಮೇಡಂ," ಎಂದ. "ಆ ಶಾಲೆಯವರು ನಿಮ್ಮನ್ನ ಯಾಕೆ ಬಿಟ್ರು ಅಂತ ಈಗ ಗೊತ್ತಾಯ್ತು."

"ಮೊದಲೇ ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದೆ.

ಆಗಸ್ಟ್ 8, ಗುರುವಾರ

ಅತ್ತಿಗೆಗೆ ಹೇಳಿದೆ: ಈ ಸಲ ಮಾತ್ರ ನಿಜವಾಗಿ ತೆಗೆದರು.

ಆಗಸ್ಟ್ 19, ಸೋಮವಾರ

ಈಗ ಪಾಠ ನಮ್ಮ ಮನೆಯ ತಾರಸಿಯಲ್ಲಿ. ಟ್ಯುಟೋರಿಯಲ್‌ನಲ್ಲಿ ಹೊಸ ಮೇಷ್ಟ್ರು ಬಂದಿದ್ದಾರಂತೆ, ಅವರಿಗೆ ಖಾಲಿ ಬೆಂಚುಗಳು ಕಾದಿವೆ. ಮೊದಲ ದಿನ ನಾನು ಯಾರನ್ನೂ ಕರೆದಿರಲಿಲ್ಲ, ಐದೂವರೆಗೆ ಬಾಗಿಲು ತಟ್ಟಿದರು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿ, "ಇಷ್ಟು ಜನ ನೆಲದ ಮೇಲೆ ಕೂರೋದಾ?" ಎಂದಳು. ಇನ್ನೇನು ಬೈಯುತ್ತಾಳೆ ಎಂದುಕೊಂಡೆ. ಮನೆಯಲ್ಲಿದ್ದ ಚಾಪೆಗಳನ್ನೆಲ್ಲ ಅಣ್ಣನ ಹೆಗಲ ಮೇಲೆ ಹೊರಿಸಿ ಮೇಲೆ ಕಳಿಸಿದಳು.

ಈಗ ಅವಳೂ ಮೂಲೆಯಲ್ಲಿ ಕೂರುತ್ತಾಳೆ, ಬಟ್ಟೆ ಮಡಚುವ ನೆಪದಲ್ಲಿ. ನಿನ್ನೆ ಅಣ್ಣನಿಗೆ, "ನಿಮಗೆ ಅಡ್ವೈಸಸ್ ಕೊಟ್ಟು ಸಾಕಾಯ್ತು" ಎಂದಳು. ನಾನು ತಿದ್ದಿದೆ. "ಎಣಿಸೋಕಾಗದಷ್ಟು ಕೊಟ್ಟಿದ್ದೀನಿ ಅಂತ ನನಗೂ ಗೊತ್ತು" ಎಂದಳು.

ಅಕ್ಕನಿಗೆ ಈಗ ಐವತ್ತಕ್ಕೆ ಇಪ್ಪತ್ತರ ಮೇಲೆ ಬರುತ್ತಿದೆ. ಗಿಳಿ ಒಂದು ಕಡೆ, ಆಕಳಿಕೆ ಇನ್ನೊಂದು ಕಡೆ ಕೂತು ಅವಳಿಗೆ ಪಾಠ ಹೇಳುತ್ತಾರೆ. ನಾನು ಬೈದರೆ ಅವರಿಬ್ಬರೂ ನನಗೇ ಬೈಯುತ್ತಾರೆ. ಕಲಿಗಾಲ.

ಸೆಪ್ಟೆಂಬರ್ 8, ಭಾನುವಾರ

ಪರೀಕ್ಷೆ. ಗೇಟಿನವರೆಗೆ ಹೋಗಿದ್ದೆ. ಅಕ್ಕ ನೀಲಿ ಅಂಗಿ ಬಿಟ್ಟು ಬೇರೆ ಬಟ್ಟೆಯಲ್ಲಿ ಬಂದಿದ್ದಳು, ಮೊದಲು ಗುರುತೇ ಸಿಗಲಿಲ್ಲ. ಗೇಟಿನಲ್ಲಿ ಕಾವಲಿನವನು, "ನೀವು ಯಾರ ಜೊತೆ ಬಂದಿದ್ದೀರಿ, ಮಕ್ಕಳನ್ನ ಬಿಟ್ಟು ಹೊರಗಿರಿ" ಎಂದ. ಹಾಲ್ ಟಿಕೆಟ್ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. "ನಾನೇ ಬರೆಯೋಳು" ಎಂದು ಹೇಳಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ನಾನು ಅಲ್ಲೇ ರಸ್ತೆಯಾಚೆಯ ಕಟ್ಟೆಯ ಮೇಲೆ ಮುಗಿಯುವವರೆಗೂ ಕೂತಿದ್ದೆ. ನನ್ನ ಸ್ವಂತ ಪರೀಕ್ಷೆಗೂ ಇಷ್ಟು ಹೆದರಿರಲಿಲ್ಲ.

ಅಕ್ಟೋಬರ್ 4, ಶುಕ್ರವಾರ

ಫಲಿತಾಂಶ ಮೊನ್ನೆ ಬಂತು. ಹದಿನೆಂಟು ಜನ ಪಾಸು. ಗಿಳಿ ಎಲ್ಲರಿಗಿಂತ ಮೇಲೆ. ಆಕಳಿಕೆ ಪಾಸಾದ ಸುದ್ದಿ ಕೇಳಿದ್ದು ನಿದ್ದೆಗಣ್ಣಿನಲ್ಲಿ, ಎಬ್ಬಿಸಿ ಎರಡು ಸಲ ಹೇಳಬೇಕಾಯಿತಂತೆ. ಲಿಫ್ಟಿನವನು ಪಾಸು, ಕೈ ನಡುಗಿದರೂ ಪಾಸು. 'ಚೈಲ್ಡ್ಸ್' ಬರೆಯುವವಳೂ ಪಾಸು.

ಅಕ್ಕ ಇಲ್ಲ. ನೂರಕ್ಕೆ ನಲವತ್ತು ಬೇಕಿತ್ತು, ಮೂವತ್ತನಾಲ್ಕು ಬಂದಿದೆ.

ಎರಡು ದಿನ ಅವಳು ಬರಲಿಲ್ಲ. ನನಗೂ ಹೋಗಿ ನೋಡುವ ಧೈರ್ಯ ಬರಲಿಲ್ಲ. ನಾನು ಇನ್ನೂ ಚೆನ್ನಾಗಿ ಕಲಿಸಬೇಕಿತ್ತು, ಜೂನ್ ತಿಂಗಳಿಂದಲೇ ಕಲಿಸಬೇಕಿತ್ತು. ಜೂನ್ ತಿಂಗಳಲ್ಲಿ ನಾನು ಏನು ಮಾಡುತ್ತಿದ್ದೆ? ನೆನಪಾಗುತ್ತಿಲ್ಲ.

ಇವತ್ತು ಸಂಜೆ ಬಂದಳು. ಪಾಳಿ ಮುಗಿಸಿ ನೇರ ಬಂದಿರಬೇಕು, ನೀಲಿ ಅಂಗಿಯಲ್ಲೇ ಇದ್ದಳು. ಅವಳನ್ನು ನೋಡಿದ್ದೇ ನನಗೆ ಅಳು ಬಂತು. ತಡೆಯಲಿಲ್ಲ.

"ಯಾಕೆ ಮೇಡಂ, ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಅಂಕಪಟ್ಟಿ. ಲ್ಯಾಮಿನೇಷನ್ ಮಾಡಿಸಿದ್ದಳು, ಅಂಚು ಇನ್ನೂ ಬೆಚ್ಚಗಿತ್ತು.

ಅತ್ತಿಗೆ ಹಿಂದಿನಿಂದ ಇಣುಕಿ ಓದಿದಳು. "ಅಲ್ಲಮ್ಮಾ," ಎಂದಳು, "ಫೇಲಾಗಿದ್ದಕ್ಕೆ ಯಾರಾದ್ರೂ ಲ್ಯಾಮಿನೇಷನ್ ಮಾಡಿಸ್ತಾರಾ?"

"ಎರಡು ವರ್ಷ ನನಗೆ ಫೇಲಾಗೋಕೂ ಬಿಡ್ಲಿಲ್ಲ ಅಮ್ಮಾ," ಎಂದಳು ಅಕ್ಕ. "ಇದು ನಾನೇ ಕೂತು, ನಾನೇ ಬರೆದು ತಗೊಂಡಿದ್ದು. ಆಸ್ಪತ್ರೆಯಲ್ಲಿ ಎಲ್ಲರಿಗೂ ತೋರಿಸಿ, ದಾರಿಯಲ್ಲಿ ಹೀಗೆ ಮಾಡಿಸ್ಕೊಂಡು ಬಂದೆ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯೋದೊಂದು ಬಾಕಿ."